ನಡಿಗೆ ಕಲಿತ ಎಲುಬು

ಗಾಜಿನ ತೊಟ್ಟಿಯೊಳಗೆ ಮಗಳ ಎಲುಬು ನಡೆಯುತ್ತಿತ್ತು.

ನಡೆಯುವುದೆಂದರೆ ನಮ್ಮ ನಿಮ್ಮ ಹಾಗೆ ಈ ಓಣಿಯಿಂದ ಆ ಓಣಿಗೆ ಹೋಗುವುದಲ್ಲ. ಇದ್ದಲ್ಲೇ ಇದ್ದು, ಜೇನುಬಣ್ಣದ ಬೆಚ್ಚಗಿನ ದ್ರವದಲ್ಲಿ ಮುಳುಗಿ, ಮೇಲೊಂದು ಕೆಳಗೊಂದು ಉಕ್ಕಿನ ಅಂಗೈಗಳ ನಡುವೆ ನಿಂತು, ಟಕ್ ಎಂದು ಒತ್ತಿಸಿಕೊಳ್ಳುತ್ತಿತ್ತು. ಒಂದು ಉಸಿರಿನಷ್ಟು ಬಿಡುವು. ಮತ್ತೆ ಟಕ್. ಗೇಣುದ್ದದ ಬಿಳಿ ತುಂಡು; ನೋಡಿದರೆ ಆಗಷ್ಟೇ ಕಾಳು ಬಿಡಿಸಿದ ಗೋವಿನಜೋಳದ ದಿಂಡಿನಂತೆ ತೂತು ತೂತು. ಅಥಣಿಯಿಂದ ಬಂದ ಶೇವಂತಾ ನೀಲಿ ಟೋಪಿ ತೊಟ್ಟು, ಮೊಣಕೈವರೆಗೆ ಕೈ ತೊಳೆದು, ಎರಡು ಬಾಗಿಲು ದಾಟಿ ಬಂದವಳು ಅದರಿಂದ ಎರಡು ಹೆಜ್ಜೆ ದೂರವೇ ನಿಂತಳು.

"ಮುಂದ ಬರ್ರಿ ಅಕ್ಕಾರ, ಅದೇನ್ ಕಚ್ಚಂಗಿಲ್ಲ" ಎಂದಳು ನಫೀಸಾ. ವಿಜಯಪುರದ ಹುಡುಗಿ, ಇಪ್ಪತ್ತೆಂಟು ವಯಸ್ಸು, ಆ ಯಂತ್ರದ ಎಂಜಿನಿಯರು. ಹುಬ್ಬಳ್ಳಿಯ ಆ ಹೊಸ ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ನಡೆತೊಟ್ಟಿಲು ಎನ್ನುತ್ತಿದ್ದರು. ಬಂದು ಮೂರು ವರ್ಷವಾಗಿತ್ತು. ಹನ್ನೊಂದು ಮಕ್ಕಳು ಅದರಲ್ಲಿ ಬೆಳೆದ ಎಲುಬು ಹೊತ್ತು ಮನೆಗೆ ಹೋಗಿದ್ದರು. ಶೇವಂತಾಳ ಮಗಳು ಯಶೋಧರಾ ಹನ್ನೆರಡನೆಯವಳು, ವಯಸ್ಸೂ ಹನ್ನೆರಡೇ.

"ಇದು ಖರೇನ ನಮ್ಮ ಯಶೂಂದ?"

"ಪೂರಾ ಆಕೀದ. ಕಿವಿ ಹಿಂದಿಂದ ಜ್ವಾಳದ ಕಾಳಿನಷ್ಟು ಚರ್ಮ ತಗೊಂಡಿದ್ವಿ, ನೆನಪದ ಅಲ್ರಿ? ಆ ಜೀವಕೋಶಗಳಿಗೆ ತಾವು ಚರ್ಮ ಅನ್ನೋದನ್ನ ಮರಿಸಿದ್ವಿ. ಆಮ್ಯಾಲ ಎಲುಬು ಆಗೋದನ್ನ ಕಲಿಸಿದ್ವಿ. ಆಕಿ ಬಲಗಾಲಿನ ಚಿತ್ರ ತಗೊಂಡು, ಕನ್ನಡಿಯೊಳಗ ಕಂಡಂಗ ತಿರುವಿ, ಅದ ಅಳತಿಗೆ ಒಂದು ಜಾಳಿಗಿ ಮಾಡಿ, ಅದರೊಳಗ ಬಿತ್ತಿದ್ವಿ. ರೋಗದ ಕಾಲಿಂದ ಒಂದ ಕೋಶಾನೂ ಇದರೊಳಗ ಬಂದಿಲ್ಲ."

"ಮತ್ತ ಹಿಂಗ್ಯಾಕ ಒತ್ತತೀರಿ ಪಾಪ, ಕೂಸಿನಂಥಾದ್ದನ್ನ?"

ನಫೀಸಾ ನಕ್ಕಳು. "ಒತ್ತಲಿಲ್ಲಂದ್ರ ಅದು ಎಲುಬ ಆಗಂಗಿಲ್ರಿ. ಭಾರ ಎಲ್ಲಿ ಬೀಳತದೋ ಅಲ್ಲಿ ಎಲುಬು ತಾನ ದಪ್ಪ ಆಗತದ. ಬೀಳದಿದ್ದಲ್ಲಿ ತೆಳ್ಳಗ ಉಳೀತದ. ಅದಕ್ಕ ಇಲ್ಲೇ ತೊಟ್ಟಿಯೊಳಗ ಆಕಿ ನಡಿಗಿ ಕಲಸ್ತೀವಿ. ಈ ಒಂದೊಂದ ಅಂಗೈಯೊಳಗ ಹದಿನಾರು ಬೆರಳವ. ಯಶೂ ಹೆಜ್ಜಿ ಇಟ್ಟಾಗ ತೊಡಿಯೆಲುಬಿನ ಯಾವ ಮೂಲಿಗೆ ಎಷ್ಟು ಭಾರ ಬೀಳತದೋ, ಅಷ್ಟ ಭಾರ ಆ ಬೆರಳು ಹಾಕತದ. ದಿನಕ್ಕ ಎಂಟು ಸಾವಿರ ಹೆಜ್ಜಿ."

ಶೇವಂತಾಳ ಮುಖ ಅರಳಿತು. ಇದು ಅವಳಿಗೆ ತಿಳಿಯದ ವಿದ್ಯೆಯೇನಲ್ಲ! ಚಪ್ಪಲಿಯ ಅಟ್ಟೆಗೆ ತೊಗಲು ನೆನೆಹಾಕಿ ಕುಟ್ಟುವವಳು ಅವಳು. ಕುಟ್ಟಿದಲ್ಲಿ ಗಟ್ಟಿ, ಬಿಟ್ಟಲ್ಲಿ ಸಡಿಲ. ಅಜ್ಜಿಯ ಕಾಲದಿಂದಲೂ ಅವರ ಮನೆಯ ಹೆಂಗಸರ ಕೈ ಬಲ್ಲ ಸತ್ಯವನ್ನು ಈ ಗಾಜಿನ ಮನೆಯವರು ಈಗ ಕಂಡುಕೊಂಡಿದ್ದಾರೆ ಎನಿಸಿ, ಎಷ್ಟೋ ದಿನಗಳ ಮೇಲೆ ಮೊದಲ ಸಲ ಅವಳಿಗೆ ನಗು ಬಂತು.

ಕೆಳಗಿನ ಮಹಡಿಯಲ್ಲಿ, ಕೈಗೆ ಕೆಂಪು ಸಲಾಯಿನ್ ಏರಿಸಿಕೊಂಡು ಮಲಗಿದ್ದ ಯಶೋಧರಾಗೆ ಇದನ್ನೆಲ್ಲ ಹೇಳಿದಾಗ ಅವಳು ಹಾಸಿಗೆಯ ಮೇಲೆ ಎದ್ದೇ ಕುಳಿತಳು.

"ಯವ್ವಾ, ಹಂಗಂದ್ರ ನಾ ರಾಕ್ಷಸ ಆದೆ! ಕಥಿಯೊಳಗ ರಾಕ್ಷಸನ ಜೀವ ಏಳ ಸಮುದ್ರದಾಚಿ ಗಿಳಿಯೊಳಗ ಇರತೈತಲ್ಲ, ಹಂಗ ನನ್ನ ಕಾಲು ಮೂರನೇ ಮಾಳಿಗ್ಯಾಗ ಐತಿ. ನಾ ಇಲ್ಲಿ ಮಲಗೇನಿ, ಅದು ಅಲ್ಲಿ ನಡ್ಯಾಕತ್ತೇತಿ!"

"ಸಾಕ್ ಸುಮ್ಮನಾಗ ರಾಕ್ಷಸಿ, ಸೂಜಿ ಕಿತ್ತೀತು."

ಕೆಂಪು ಔಷಧ ಎರಡು ದಿನ, ಮೂರು ವಾರ ಬಿಟ್ಟು ಹಳದಿ ಔಷಧ. ಕೂದಲು ಮೊದಲ ತಿಂಗಳಲ್ಲೇ ದಿಂಬಿಗೆ ಅಂಟಿಕೊಂಡು ಹೋಗಿತ್ತು. ಬಾಯೊಳಗೆ ಹುಣ್ಣು. ಖಾರವಿಲ್ಲದೆ ತುತ್ತೆತ್ತದ ಹುಡುಗಿ ಈಗ ಆರಿಸಿದ ಜೋಳದ ನುಚ್ಚಿನ ಗಂಜಿಯನ್ನು ಚಮಚೆಯಲ್ಲಿ ನುಂಗುತ್ತಿದ್ದಳು. ಆದರೂ ಮಾತಿಗೆ ಕಡಿಮೆ ಇಲ್ಲ. ಶಾಲೆಯ ಖೊಖೊ ತಂಡದಲ್ಲಿ ಅವಳಷ್ಟು ಚುರುಕಾಗಿ ಕಂಬ ಸುತ್ತುವವರು ಇರಲಿಲ್ಲ. ಅದನ್ನು ದಿನಕ್ಕೆ ನಾಲ್ಕು ಸಲ ನರ್ಸುಗಳಿಗೆ ಹೇಳುತ್ತಿದ್ದಳು.

ಎಲುಬಿನ ಕ್ಯಾನ್ಸರ್ ಎಂದರೇನೆಂದು ತಾಯಿಗೂ ಮಗಳಿಗೂ ಬಿಡಿಸಿ ಹೇಳಿದವರು ಶಸ್ತ್ರವೈದ್ಯ ಕುಲಗೋಡ ಅವರು. ದಪ್ಪ ಮೀಸೆ, ಮೆಲ್ಲನೆಯ ದನಿ. ಯಶೋಧರಾಳ ಎಡ ಮೊಣಕಾಲಿನ ತುಸು ಮೇಲೆ ಬೆರಳಿಟ್ಟು ಹೇಳಿದ್ದರು: "ನೋಡವಾ, ಎಲುಬಿನೊಳಗ ಗೌಂಡಿಗಳು ಇರತಾರ. ದಿನಾ ಹಳೇ ಗ್ವಾಡಿ ಕೆಡವಿ ಹೊಸಾದು ಕಟ್ಟತಿರತಾರ. ನಿನ್ನ ವಯಸ್ಸಿನಾಗ ಕಾಲು ದಬದಬ ಬೆಳೀತೈತಿ, ಮೊಣಕಾಲ ಹತ್ತಿರ ಅವರಿಗೆ ಪುರಸೊತ್ತ ಇರಂಗಿಲ್ಲ. ಅದರಾಗ ಒಬ್ಬ ಗೌಂಡಿಗೆ ಹುಚ್ಚ ಹಿಡದೈತಿ. ನಕಾಶಿ ಹರದ ಒಗದು, ಕಂಡಲ್ಲೆ ಗ್ವಾಡಿ ಎಬ್ಬಸಾಕತ್ತಾನ. ಅವನ ಮಕ್ಕಳೂ ಹುಚ್ಚರ."

"ಅವನ್ನ ಓಡಸ್ರಿ ಮತ್ತ" ಎಂದಿದ್ದಳು ಯಶೋಧರಾ.

"ಓಡಸಬಾರದು, ಅಲ್ಲೇ ಕೊಲ್ಲಬೇಕು. ಓಡಿದ್ರ ಶ್ವಾಸಕೋಶಕ್ಕ ಹೋಗಿ ಅಲ್ಲಿ ಗ್ವಾಡಿ ಕಟ್ಟತಾನ. ನಮ್ಮ ಪುಣ್ಯೇಕ ನಿನ್ನ ಶ್ವಾಸಕೋಶದಾಗ ಏನೂ ಕಂಡಿಲ್ಲ. ಆದ್ರ ಕಣ್ಣಿಗೆ ಕಾಣದಂಥವು ತಪ್ಪಿಸಿಕೊಂಡು ತಿರಗತಿರಬಹುದು. ಅದಕ್ಕ ಮೊದಲ ಹತ್ತು ವಾರ ಔಷಧ. ಮೈ ತುಂಬಾ ಬೆನ್ನ ಹತ್ತತೈತಿ. ಆಮ್ಯಾಲ ಆಪರೇಷನ್. ಕೆಟ್ಟ ತುಂಡು ತಗದು, ಮೊಣಕಾಲ ಕೀಲು ಉಳಿಸಿ, ನಿನ್ನ ಹೊಸಾ ತುಂಡು ಕೂಡಸ್ತೀವಿ. ಅದಾದ ಮ್ಯಾಲೂ ಕೆಲವು ತಿಂಗಳು ಔಷಧ."

ನಂತರ ಶೇವಂತಾ ಒಬ್ಬಳನ್ನೇ ಕರೆದು ಇನ್ನೊಂದು ಮಾತು ಹೇಳಿದ್ದರು. ಆ ಔಷಧ ಹುಚ್ಚು ಗೌಂಡಿಗಳ ಜೊತೆಗೆ ಒಳ್ಳೆಯ ಗೌಂಡಿಗಳ ಕೈಯನ್ನೂ ಕಟ್ಟಿಹಾಕುತ್ತದೆ. ಕೂಡಿಸಿದ ಮೇಲೆ ಹೊಸ ಎಲುಬು ತಿಂಗಳುಗಟ್ಟಲೆ ಹೆಚ್ಚೇನೂ ಬೆಳೆಯಲಾರದು. ಆದ್ದರಿಂದ ತೊಟ್ಟಿಲಿನಿಂದ ಹೊರಬರುವ ದಿನವೇ ಅದು ಗಟ್ಟಿಯಾಗಿರಬೇಕು. ಪರೀಕ್ಷೆಯಲ್ಲಿ ಇನ್ನೂರು ಕಿಲೋ ತಡೆಯಬೇಕು. ತಡೆಯದಿದ್ದರೆ ಲೋಹದ ಸಲಾಕೆ. ಬೆಳೆಯುವ ಮಗುವಾದ್ದರಿಂದ ಅದನ್ನು ಮೇಲಿಂದ ಮೇಲೆ ಉದ್ದ ಮಾಡಬೇಕು. ಮತ್ತೆ ಮತ್ತೆ ಆಪರೇಷನ್. "ಲೋಹ ಹಾಕಿಸಿಕೊಂಡು ಛಲೋ ಬಾಳೇವು ಮಾಡೋರು ಸಾವಿರ ಮಂದಿ ಅದಾರ. ಆದ್ರ ಖೊಖೊ ಬಿಡಬೇಕಾಕ್ಕೈತಿ. ಮತ್ತ ಒಂದು ತಿಳಕೋ ತಂಗಿ, ಹತ್ತು ವಾರ ಅಂದ್ರ ಹತ್ತು ವಾರ. ಎಲುಬು ಇನ್ನೂ ಹಣ್ಣಾಗಿಲ್ಲಂತ ರೋಗ ಕಾಯಂಗಿಲ್ಲ."

ಐದನೇ ವಾರ ಶೇವಂತಾ ಎಂದಿನಂತೆ ಮೇಲೆ ಹೋದಾಗ ನಫೀಸಾ ನಗಲಿಲ್ಲ. ಪರದೆಯ ಮೇಲೆ ಎಲುಬಿನ ಚಿತ್ರ ಬಣ್ಣಬಣ್ಣವಾಗಿ ತಿರುಗುತ್ತಿತ್ತು. ಹೊರಮಗ್ಗುಲು ಕಡುನೀಲಿ, ದಪ್ಪ. ಒಳಮಗ್ಗುಲು ಈರುಳ್ಳಿ ಸಿಪ್ಪೆಯಂತೆ ತೆಳು.

"ಹನ್ನೊಂದು ಮಕ್ಕಳಿಗೆ ಹಿಂಗ ಆಗಿಲ್ಲ" ಎಂದಳು ನಫೀಸಾ. ಎರಡು ದಿನದಿಂದ ತಲೆ ಬಾಚಿದಂತಿರಲಿಲ್ಲ. "ದ್ರವ ಬದಲಿಸಿದೆ. ಶಾಖ ನೋಡಿದೆ. ಬೆರಳೊಂದೊಂದೂ ಬಿಚ್ಚಿ ಜೋಡಿಸಿದೆ. ಯಂತ್ರದಾಗ ಏನೂ ತಪ್ಪಿಲ್ಲ. ಆದ್ರೂ ಒಳಗಿನ ಗ್ವಾಡಿ ಏಳವಲ್ದು. ಹಿಂಗ ಇದ್ರ ಇನ್ನೂರು ದೂರ ಉಳೀತು, ನೂರಕ್ಕ ಸೀಳತದ."

"ನಡಿಗಿ ಎಲ್ಲಿಂದ ತಗೊಂಡ್ರಿ?"

"ಮೊದಲನೇ ದಿನ ಆಕೀನ್ನ ಆ ಭಾರ ಅಳಿಯೋ ಪಟ್ಟಿ ಮ್ಯಾಲ ನಡಿಸಿದ್ವಲ್ಲ, ಅಲ್ಲಿಂದ. ಇಲ್ಲಿಗೆ ಬರೋ ಎಲ್ಲಾ ಮಕ್ಕಳೂ ಕುಂಟಕೋತ ಬರತಾವರಿ, ನೋವಿರತದಲ್ಲ. ಅದು ಯಂತ್ರಕ್ಕ ಗೊತ್ತದ. ಎಷ್ಟು ಕುಂಟತಾವೋ ಅಷ್ಟು ಕಳದು, ನೋವು ಬರೋ ಮೊದಲಿನ ನಡಿಗಿ ತಾನ ಹುಡಕತದ. ನಿಮ್ಮ ಯಶೂ ಮಾತ್ರ ಕುಂಟಲೇ ಇಲ್ಲ! ಅಷ್ಟು ದೊಡ್ಡ ಗಡ್ಡಿ ಇಟಗೊಂಡು ನೆಟ್ಟಗ ನಡದಳು. ಎಂಥಾ ಗಟ್ಟಿ ಹುಡುಗಿ ಅಂತ ನಾವೆಲ್ಲಾ ಬೆರಗಾದ್ವಿ."

ಟಕ್. ಟಕ್. ಶೇವಂತಾ ತೊಟ್ಟಿಯತ್ತ ತಿರುಗಿದಳು.

ಕುಂಟಲಿಲ್ಲ. ಯಾಕೆ ಕುಂಟಲಿಲ್ಲ ಎಂಬುದು ಈ ಲೋಕದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

ರೋಗ ಪತ್ತೆಯಾಗುವ ನಾಲ್ಕು ತಿಂಗಳ ಹಿಂದಿನ ಮಾತು. ಯಶೋಧರಾಳ ಎಡ ಚಪ್ಪಲಿ ಒಂದೇ ತಿಂಗಳಿಗೆ ಹೊರ ಅಂಚಿನಲ್ಲಿ ಸವೆದಿತ್ತು. ಮಗಳು ಎಡಗಾಲನ್ನು ತುಸು ಎಳೆಯುತ್ತಿದ್ದಳು. ಬೇರೆ ತಾಯಿಯಾಗಿದ್ದರೆ ಕೇಳುತ್ತಿದ್ದಳು, ಯಾಕೆ ಎಳೀತಿ, ನೋವೇನ? ಶೇವಂತಾ ಕೇಳಲಿಲ್ಲ. ಅವಳ ಕೈ ಕೇಳುವುದಕ್ಕಿಂತ ಮೊದಲು ತೊಗಲು ಕೊಯ್ಯುವ ರಂಪಿಗೆ ಹಿಡಿಯುವ ಕೈ. ವಾರೆ ಕಾಲಿನವರು, ಗಿಡ್ಡ ಕಾಲಿನವರು ಮಿರಜ, ಸಾಂಗಲಿಯಿಂದ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಚಪ್ಪಲಿಯ ಸವೆತ ನೋಡಿ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಎಲ್ಲಿ ಇಳಿಸಬೇಕೋ ಅಲ್ಲಿ ಕೆತ್ತಿ, ಕುಂಟುವವರನ್ನು ಕುಂಟದಂತೆ ಕಳಿಸುವುದು ಅವಳ ಹೆಸರು, ಅವಳ ಹೆಮ್ಮೆ. ಮಗಳ ಹಿಮ್ಮಡಕ್ಕೂ ಒಂದು ಪದರ ತೊಗಲು ಏರಿಸಿದಳು. ಹೊರ ಅಂಚಿಗೆ ಓರೆ ಕೊಟ್ಟಳು. ಕೂದಲೆಳೆಯಷ್ಟೂ ಗುರುತು ಸಿಗದ ಕೆಲಸ. ಕುಂಟು ಮಾಯವಾಯಿತು. ಮಾಸ್ತರರು ನೋಡಲಿಲ್ಲ, ಗಂಡ ದಿಲೀಪ ನೋಡಲಿಲ್ಲ. ನಾಲ್ಕು ತಿಂಗಳ ನಂತರ ಖೊಖೊ ಸಾಲಿನಲ್ಲಿ ಕುಳಿತ ಹುಡುಗಿ 'ಖೋ' ಎಂದಾಗ ಏಳಲಾಗದೆ ಮಣ್ಣಲ್ಲಿ ಉರುಳಿದ ಮೇಲೆಯೇ ಎಲ್ಲರೂ ನೋಡಿದ್ದು.

ಇಲ್ಲಿ ನಡಿಗೆ ಬರೆದುಕೊಂಡ ದಿನ, ದಿನಾ ಹಾಕುವ ಚಪ್ಪಲಿಯಲ್ಲೇ ನಡೆಸಿ ಎಂದು ಹೇಳಿದ್ದರು. ಯಶೋಧರಾ ಅದೇ ಜೋಡಿನಲ್ಲಿ ನಡೆದಿದ್ದಳು. ಶೇವಂತಾ ಗೋಡೆಗೊರಗಿ ನೋಡುತ್ತ ನಿಂತಿದ್ದಳು, ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು: ಹಾಗಾದರೆ ನಿನಗೆ ಮೊದಲೇ ಗೊತ್ತಿತ್ತೇ?

ಏನೂ ಹೇಳದೆ ಕೆಳಗಿಳಿದಳು. ಆಸ್ಪತ್ರೆಯ ಹಿಂದೆ ಊರವರಲ್ಲದವರಿಗೆಂದು ಕಟ್ಟಿದ ಕೋಣೆಯಲ್ಲಿ ಸ್ಟವ್ ಹಚ್ಚಿ ನುಚ್ಚು ಹಾಕಿದಳು. ಗಂಜಿ ತಳ ಹಿಡಿಯಿತು. ಇನ್ನೊಮ್ಮೆ ಮಾಡಿದಳು. ಮಗಳ ಹಾಸಿಗೆಯ ಹತ್ತಿರ ಕುಳಿತು ಒಂದು ಚಮಚೆ, ಎರಡು ಚಮಚೆ. ಮೂರನೆಯದು ನಡುದಾರಿಯಲ್ಲಿ ನಿಂತಿತು.

"ಯಶೂ, ನಿನಗೊಂದ ಹೇಳಬೇಕು."

"ಉಪ್ಪ ಹಾಕಿಲ್ಲ, ಅದ ಅಲ್ಲ?"

"ನಿನ್ನ ಎಡಗಾಲ ಚಪ್ಪಲಿಗೆ ನಾ ಒಂದ ಪದರ ಏರಿಸಿದ್ದೆ. ನೀ ಕುಂಟತಿದ್ದಿ. ನಾ ಅದನ್ನ..." ಶೇವಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಶೋಧರಾ ಕೂದಲಿಲ್ಲದ ತಲೆಯನ್ನು ಒಂದು ಕಡೆ ವಾಲಿಸಿ ತಾಯಿಯನ್ನು ನೋಡಿದಳು. "ನಂಗ ಗೊತ್ತಿತ್ತ ಬೇ ಯವ್ವಾ. ಹಾಕ್ಕೊಂಡ ಮೊದಲನೇ ದಿನಾನ ಗೊತ್ತಾತು. ರಾತ್ರಿ ಭಾಳ ಬ್ಯಾನಿ ಆಗತಿತ್ತು, ನಾನೂ ಸುಮ್ಮನಿದ್ದೆ. ಹೇಳಿದ್ರ ಟೀಮಿನ್ಯಾಗಿಂದ ತಗೀತಾರಂತ. ನಿನ್ನ ಚಪ್ಪಲಿ ಹಾಕ್ಕೊಂಡ್ರ ಓಡಾಕ ಬರತಿತ್ತು."

"ಆ ಚಪ್ಪಲಿಯೊಳಗಿನ ನಡಿಗೀನ ಅವರು ಬರಕೊಂಡಾರ" ಎಂದಳು ಶೇವಂತಾ. "ಎಲುಬು ಅದನ್ನ ಕಲ್ಯಾಕತ್ತೇತಿ."

"ನಫೀಸಾ ಮೇಡಮ್ಮಗ ಹೇಳಿದಿ?"

"ಇಲ್ಲ."

"ಇಲ್ಲಾ? ಮತ್ತ ಇಲ್ಲಿ ಕುಂತ ಅಳಾಕತ್ತಿಯಲ್ಲ!" ಹುಡುಗಿ ಚಮಚೆ ಕಿತ್ತುಕೊಂಡಳು. "ಅಲ್ಲಿ ನನ್ನ ಎಲುಬು ತಪ್ಪ ತಪ್ಪ ನಡ್ಯಾಕತ್ತೇತಿ! ಗಂಜಿ ನಾ ಕುಡೀತೀನಿ, ನೀ ಓಡ! ಓಡ ಬೇ!"

ಶೇವಂತಾ ಓಡಿದಳು. ಲಿಫ್ಟಿಗೆ ಕಾಯದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಮೇಲೆ ಎದುರಾದ ಡಾಕ್ಟರ್ ಕುಲಗೋಡರನ್ನು ತಳ್ಳಿಯೇ ಮೇಲೇರಿದಳು. ಏನೋ ಅನಾಹುತವೆಂದು ಅವರೂ ಏದುಸಿರು ಬಿಡುತ್ತ ಹಿಂದೆಯೇ ಬಂದರು. ನಫೀಸಾ ಹೊರಕೋಣೆಯಲ್ಲಿ ಬುತ್ತಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಿದ್ದಳು. ಶೇವಂತಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಪದರ, ಓರೆ, ನಾಲ್ಕು ತಿಂಗಳು, ಗೋಡೆಗೊರಗಿ ನಿಂತದ್ದು. ಒಂದನ್ನೂ ಬಿಡಲಿಲ್ಲ.

ಹೇಳಿ ಮುಗಿಸಿ, ಬೈಗುಳಕ್ಕೆ ತಲೆ ತಗ್ಗಿಸಿದಳು.

ಬೈಗುಳ ಬರಲಿಲ್ಲ. ಕುರ್ಚಿ ಉರುಳಿದ ಸದ್ದು ಬಂತು. ನಫೀಸಾ ಅವಳ ಎರಡೂ ಭುಜ ಹಿಡಿದು ಕುಣಿಯುತ್ತಿದ್ದಳು. "ಸಿಕ್ತು! ಯಾ ಅಲ್ಲಾ, ಸಿಕ್ತು! ಯಂತ್ರಕ್ಕ ಕುಂಟು ಕಾಣಲಿಲ್ಲ, ಅದಕ್ಕ ಕಳೀಲಿಲ್ಲ! ವಾರೆ ನಡಿಗೀನ ನೆಟ್ಟಗದಂತ ತಿಳಕೊಂಡು ಎರಡು ಲಕ್ಷದ ಮ್ಯಾಲ ಹೆಜ್ಜಿ ಹಾಕಿಸೇದ! ಅಕ್ಕಾರ, ನೀವು ಯಂತ್ರಕ್ಕ ಮೋಸ ಮಾಡೀರಿ. ಎಂಥಾ ಕೈ ಅದು!"

ಕುಲಗೋಡರು ನಗಲಿಲ್ಲ. "ನಾಲ್ಕು ತಿಂಗಳು ತಡ ಆತು ತಂಗಿ. ಅದೇನ ಸಣ್ಣ ಮಾತಂತ ನಾ ಸುಳ್ಳ ಹೇಳಂಗಿಲ್ಲ. ಮಕ್ಕಳ ಕಾಲು ಬ್ಯಾನಿ ವಾರಗಟ್ಟಲೆ ಬಿಡಲಿಲ್ಲಂದ್ರ, ರಾತ್ರಿ ಹೆಚ್ಚಾದ್ರ, ಒಂದು ಎಕ್ಸರೇ ತಗಸಬೇಕು." ಆಮೇಲೆ ದನಿ ಇಳಿಸಿದರು. "ಆದ್ರ ಇವತ್ತ ಹೇಳಿದಿ. ಇವತ್ತ ಹೇಳಿದ್ದಕ್ಕ ಐದು ವಾರ ಕೈಯಾಗ ಉಳದಾವು. ಮುಂದಿನ ವಾರ ಹೇಳಿದ್ದರ ನಾ ಲೋಹಕ್ಕ ಅಳತಿ ಕೊಡತಿದ್ದೆ."

ಯಂತ್ರ ನಿಂತಿತು. ಟಕ್ ಟಕ್ ಸದ್ದು ಅಡಗಿತು.

ಈಗ ನಿಜವಾದ ನಡಿಗೆ ಎಲ್ಲಿಂದ ತರುವುದು? ಯಶೋಧರಾಳನ್ನು ಮತ್ತೆ ನಡೆಸುವಂತಿರಲಿಲ್ಲ. ಗಡ್ಡೆಯಿಂದ ಟೊಳ್ಳಾದ ಎಲುಬು ಮುರಿದರೆ ಹುಚ್ಚು ಗೌಂಡಿಗಳೆಲ್ಲ ರಕ್ತಕ್ಕೆ ಚೆಲ್ಲಿಹೋದಾರು. ಹುಡುಗಿ ಊರುಗೋಲಿನ ಮೇಲಿದ್ದಳು. ಹೆಜ್ಜೆಯ ವೇಗ, ಉದ್ದ ಯಂತ್ರಕ್ಕೆ ಗೊತ್ತಿತ್ತು. ಭಾರ ಎಲ್ಲೆಲ್ಲಿ ಬೀಳುತ್ತದೆ ಎಂಬುದಷ್ಟೇ ತಪ್ಪಿದ್ದು.

"ಭಾರ ಎಲ್ಲಿ ಬೀಳತೈತಿ ಅನ್ನೂದು ಅಷ್ಟ ಬೇಕಲ್ಲ?" ಎಂದಳು ಶೇವಂತಾ. "ಅದನ್ನ ಆಕಿ ಹಳೇ ಕಾಲ್ಮರಿ, ಸವದ ಚಪ್ಪಲಿ ಹೇಳತಾವ."

ಅವರ ಮನೆಯಲ್ಲೊಂದು ರೂಢಿಯಿತ್ತು. ಮಕ್ಕಳ ಚಪ್ಪಲಿ ಗಿಡ್ಡವಾದರೆ ಎಸೆಯುತ್ತಿರಲಿಲ್ಲ. ಗೂಟಕ್ಕೆ ತೂಗುಹಾಕಿ, ಅದರ ಅಳತೆಗೆ ಒಂದು ಬೆರಳಿನಷ್ಟು ಕೂಡಿಸಿ ಮುಂದಿನ ಜೋಡು ಕತ್ತರಿಸುತ್ತಿದ್ದರು. ಶೇವಂತಾ ಅಲ್ಲಿಂದಲೇ ದಿಲೀಪನಿಗೆ ಫೋನು ಹಚ್ಚಿದಳು. ಮೊದಲು ತಪ್ಪು ಹೇಳಿದಳು.

"ನಾ ದಿನಾ ಆಕಿ ಜೋಡಿ ಸಾಲಿ ತನಕ ನಡದ ಹೋಗತಿದ್ದೆ" ಎಂದ ದಿಲೀಪ. "ಕಣ್ಣ ನನಗೂ ಇದ್ದುವಲ್ಲ. ಏನ ಬೇಕು ಹೇಳ."

"ಹ್ವಾದ ದೀಪಾವಳಿ ಜೋಡು, ಬ್ಯಾನಿ ಬರೂ ಮೊದಲಿಂದು. ಗೂಟದ ಮ್ಯಾಲಿಂದು. ಒರಸಬ್ಯಾಡ, ಎಣ್ಣಿ ಹಚ್ಚಬ್ಯಾಡ, ಇದ್ದಂಗ ಕಳಸು."

"ಹೆಂಡತಿ ಹುಬ್ಬಳ್ಳಿಗೆ ಹ್ವಾದಳಂತ ಹೊಸಾ ಸೀರಿ ಕೇಳತಾಳಂದ್ರ ಹಳೇ ಚಪ್ಪಲಿ ಕೇಳತಾಳಲ್ಲೊ" ಎಂದವನ ದನಿ ನಡುವೆಯೇ ಒಡೆಯಿತು. ಮರುದಿನ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಹಳೇ ಪೇಪರಿನ ಪೊಟ್ಟಣ ಹುಬ್ಬಳ್ಳಿ ಸೇರಿತು. ಮೇಲೆ ಮುರುಕು ಅಕ್ಷರದಲ್ಲಿ ಬರೆದಿತ್ತು: ಡ್ರೈವರ್ ಸಾಹೇಬರ, ಇದರಾಗ ನಮ್ಮ ಮಗಳ ಕಾಲು ಐತಿ, ಜ್ವಾಕಿ.

ಆ ಮೂರು ದಿನ ನೆನೆದರೆ ಶೇವಂತಾಗೆ ಈಗಲೂ ಮೈ ಝುಮ್ಮೆನ್ನುತ್ತದೆ. ಡಾಕ್ಟರರು, ಎಂಜಿನಿಯರರು ತುಂಬಿದ ಆ ಗಾಜಿನ ಕೋಣೆಯಲ್ಲಿ ಅವಳು ನಡುವೆ ಕುಳಿತಿದ್ದಳು. ನಫೀಸಾ ಎರಡೂ ಚಪ್ಪಲಿಗಳನ್ನು ಬೆಳಕಿನ ಯಂತ್ರದಡಿ ಇಟ್ಟು ಸವೆತದ ಆಳವನ್ನು ಅಳೆದಳು. ಪರದೆಯ ಮೇಲೆ ಗುಡ್ಡ ಕಣಿವೆಗಳ ನಕಾಶೆ ಮೂಡಿತು. ಆದರೆ ಯಾವ ಕಣಿವೆ ನಡಿಗೆಯದು, ಯಾವುದು ಬರೀ ಕಲ್ಲು ತಾಗಿದ್ದು?

"ಇದು ತಗೀರಿ, ಇದು ನಮ್ಮ ಹೊಸಲ ಕಲ್ಲು, ಎಲ್ಲಾರ ಚಪ್ಪಲಿ ಅಲ್ಲೆ ಎಡವತಾವು" ಎಂದು ಶೇವಂತಾ ಉಗುರಿನಿಂದ ತೋರಿಸಿದಳು. "ಇದು ಖರೇದ್ದು. ಹಿಮ್ಮಡದ ನಟ್ಟನಡುವ ಊರತಾಳ. ಅಲ್ಲಿಂದ ಒಳಗ ಸರದು ಹೆಬ್ಬಟ್ಟಿನ ಬುಡಕ್ಕ ಬರತಾಳ. ಇಲ್ಲಿ ನೋಡ್ರಿ, ದುಂಡಗ ತಿರುವಿದಂಗ ಸವದೈತಿ. ಖೊಖೊ ಕಂಬ ಸುತ್ತೂ ಮುಂದ ಎಡಗಾಲ ಮ್ಯಾಲ ಗಿರಕಿ ಹೊಡೀತಾಳ."

"ಅಂದ್ರ ಒಳಮಗ್ಗಲಕ್ಕ ತಿರುಚಿದ ಭಾರ!" ನಫೀಸಾ ಕೈ ತಟ್ಟಿದಳು. "ನಾವು ಇಲ್ಲೀತನಕ ಯಾರಿಗೂ ತಿರುಚಿಲ್ಲ. ಬರೇ ಮ್ಯಾಲಿಂದ ಒತ್ತತಿದ್ವಿ. ಮಕ್ಕಳು ನೆಟ್ಟಗ ನಡಿಯೋದಷ್ಟ ಮಾಡತಾವಂತ ತಿಳದಿದ್ವಿ ನೋಡ್ರಿ, ದಡ್ಡರು!"

ಎರಡೂ ಅಂಗೈಗಳ ಮೂವತ್ತೆರಡು ಬೆರಳುಗಳನ್ನು ಒಂದೊಂದಾಗಿ ಹೊಂದಿಸಿದರು. "ಇನ್ನೊಂದ್ ಚೂರು ಒಳಗ... ಸಾಕ್ ಸಾಕ್, ಅದು ಜಾಸ್ತಿ ಆತು, ಆಕೀ ಏನ ಆನಿ ಏನ್ರಿ?" ಎಂದು ಶೇವಂತಾ ಹೇಳುವುದು, ನಫೀಸಾ ತಿರುಗಿಸುವುದು. ನಾಲ್ಕನೆಯ ದಿನ ಯಂತ್ರ ಮತ್ತೆ ಎದ್ದಿತು. ಟಕ್, ಟಕ್, ಟಕ್. ನಡುವೆ ಒಮ್ಮೆ ಸರ್ರನೆ ತಿರುವು. ಶೇವಂತಾ ಕಣ್ಣು ಮುಚ್ಚಿದಳು. ಅಥಣಿಯ ಅಂಗಳದಲ್ಲಿ ಯಾರೋ ಶಾಲೆಯಿಂದ ಬಂದು ಪಾಟಿಚೀಲ ಎಸೆದು ಓಡಿದ ಹಾಗಾಯಿತು.

"ಬಂದಳು" ಎಂದಳು. "ಈಗ ಆಕೀ ಬಂದಳ ನೋಡ್ರಿ."

ಏಳನೇ ವಾರ ಒಳಮಗ್ಗುಲಿನ ಈರುಳ್ಳಿ ಸಿಪ್ಪೆ ತಿಳಿನೀಲಿಯಾಯಿತು. ಎಂಟನೇ ವಾರ ನೀಲಿ. ನಫೀಸಾ ದಿನಕ್ಕೆ ಎಂಟರ ಬದಲು ಹನ್ನೆರಡು ಸಾವಿರ ಹೆಜ್ಜೆ ಹಾಕಿಸಿದಳು. ಕೆಳಗೆ ಯಶೋಧರಾ ಹಳದಿ ಔಷಧದ ವಾಂತಿ, ಜ್ವರಗಳ ನಡುವೆ ಕಣ್ಣು ಬಿಟ್ಟಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇವತ್ತ ಎಲ್ಲೀತನ ಹ್ವಾದೆ?" ಶೇವಂತಾ ಹೆಜ್ಜೆಗಳನ್ನು ದಾರಿಯಾಗಿ ಹೊಸೆದು ಹೇಳುತ್ತಿದ್ದಳು. ಇವತ್ತು ಧಾರವಾಡ ದಾಟಿದಿ. ಇವತ್ತು ಬೆಳಗಾವಿ, ಒಂದು ಚಮಚೆ ಕುಂದಾ ತಿಂದಿ. ಇವತ್ತು ಕೃಷ್ಣಾ ಹೊಳಿ ದಂಡಿ.

ಹತ್ತನೇ ವಾರದ ಸೋಮವಾರ ಪರೀಕ್ಷೆ. ಎಲುಬನ್ನು ತೊಟ್ಟಿಯಲ್ಲೇ ನಿಲ್ಲಿಸಿ ಮೇಲಿನ ಅಂಗೈಯಿಂದ ಭಾರ ಹೇರಬೇಕು. ಒಳಗೆ ಎಳೆಯಷ್ಟು ಬಿರುಕಿನ ಸದ್ದು ಬಂದರೂ ಕೆಂಪು ದೀಪ. ಯಶೋಧರಾ ವಾರ್ಡಿನಿಂದಲೇ ಫೋನಿನ ವೀಡಿಯೊದಲ್ಲಿ ನೋಡುತ್ತಿದ್ದಳು. ಎರಡೂ ಕಡೆ ನರ್ಸುಗಳು.

ಐವತ್ತು. ಎಂಬತ್ತು. ನೂರು. ನಫೀಸಾಳ ತುಟಿ ಅಲ್ಲಾಡುತ್ತಿತ್ತು. ನೂರಾ ನಲವತ್ತು. ಶೇವಂತಾ ಕುಲಗೋಡರ ತೋಳು ಹಿಡಿದದ್ದು ಅವಳಿಗೇ ತಿಳಿಯಲಿಲ್ಲ. ನೂರಾ ಎಂಬತ್ತು. ಏನೋ ಕಿರ್ ಎಂದಿತು. ಎಲ್ಲರ ಕಣ್ಣು ದೀಪದತ್ತ ಹೊರಳಿತು. ಕುಲಗೋಡರ ಹೊಸ ಬೂಟು! "ಸರ್, ಅಲ್ಲಾಡಬ್ಯಾಡ್ರಿ!" ಎಂದು ನಫೀಸಾ ಕಿರುಚಿದಳು. ನೂರಾ ತೊಂಬತ್ತು. ಇನ್ನೂರು.

ಹಸಿರು.

"ನಿಲ್ಲಸ್ರಿ, ಸಾಕು" ಎಂದರು ಕುಲಗೋಡರು.

"ಇನ್ನ ಹೇರ್ರಿ!" ಎಂದು ಫೋನಿನೊಳಗಿಂದ ಕೂಗು ಬಂತು. "ಮುನ್ನೂರ ಹೇರ್ರಿ, ನಂದ ಅದು, ನಾ ಹೇಳತೀನಿ!"

ಬುಧವಾರ ಆಪರೇಷನ್. ಎಂಟು ತಾಸು. ಕೆಟ್ಟ ತುಂಡನ್ನು ಸುತ್ತಲಿನ ಒಳ್ಳೆಯ ಮಾಂಸದ ಒಂದು ಪದರದ ಸಮೇತ ತೆಗೆದು, ಹೊಸ ತುಂಡನ್ನು ಇಟ್ಟು, ತಗಡು ಮೊಳೆಗಳಿಂದ ಬಿಗಿದು, ಸೂಜಿಮೊನೆಯಷ್ಟು ರಕ್ತನಾಳವನ್ನು ಅದಕ್ಕೆ ಹೆಣೆದರು. ಹೊಸ ಎಲುಬಿನ ತುದಿಯಿಂದ ಕೆಂಪು ಹನಿ ಜಿನುಗಿದಾಗ ಒಳಗಿದ್ದವರೆಲ್ಲ ಚಪ್ಪಾಳೆ ಹೊಡೆದರೆಂದು ಆಮೇಲೆ ಗೊತ್ತಾಯಿತು. ತೆಗೆದ ತುಂಡನ್ನು ಎಳೆಎಳೆಯಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡಿದ ವರದಿ ಎರಡು ವಾರಕ್ಕೆ ಬಂತು. ಅಂಚುಗಳೆಲ್ಲ ಶುದ್ಧ. ನೂರು ಹುಚ್ಚು ಗೌಂಡಿಗಳಲ್ಲಿ ತೊಂಬತ್ತಾರು ಮಂದಿ ಔಷಧಕ್ಕೇ ಸತ್ತಿದ್ದರು.

"ತೊಂಬತ್ತು ದಾಟಿದ್ರ ನಾವು ಪೇಡೆ ಹಂಚತೀವಿ" ಎಂದರು ಕುಲಗೋಡರು. "ಇನ್ನೂ ಔಷಧ ಐತಿ, ವರ್ಷಗಟ್ಟಲೆ ಶ್ವಾಸಕೋಶದ ತಪಾಸಣಿ ಐತಿ. ಗೆದ್ದೀವಂತ ನಾ ಇವತ್ತ ಹೇಳಂಗಿಲ್ಲ. ಗೆಲ್ಲೂ ದಾರಿ ಮ್ಯಾಲ ಅದೀವಿ."

ಯಶೋಧರಾ ಎರಡೂ ಕಾಲ ಮೇಲೆ ಭಾರ ಬಿಟ್ಟು, ಏನನ್ನೂ ಹಿಡಿಯದೆ ನಡೆದದ್ದು ಅದಾಗಿ ನಾಲ್ಕು ತಿಂಗಳಿಗೆ, ಕೊನೆಯ ಸಲಾಯಿನ್ ಮುಗಿದ ವಾರ. ತಲೆಯ ಮೇಲೆ ಬೆಕ್ಕಿನ ಮರಿಯ ಮೈಯಂತೆ ಹೊಸ ಕೂದಲು. ದಿಲೀಪ ಅಥಣಿಯಿಂದ ಬಂದಿದ್ದ. ಉದ್ದನೆಯ ಪಡಸಾಲೆಯ ಆ ತುದಿಯಲ್ಲಿ ಬರಿಗಾಲಲ್ಲಿ ಹುಡುಗಿ, ಈ ತುದಿಯಲ್ಲಿ ಎಲ್ಲರೂ.

ಮೊದಲ ಹೆಜ್ಜೆ ನೆಟ್ಟಗೆ ಬಿತ್ತು. ಎರಡನೆಯದಕ್ಕೆ ಸೊಂಟ ಎಡಕ್ಕೆ ವಾಲಿತು. ಮೂರು, ನಾಲ್ಕು. ಎಲುಬು ಗಟ್ಟಿಯಿತ್ತು, ಸುತ್ತಲಿನ ಮಾಂಸಖಂಡ ಆರು ತಿಂಗಳಲ್ಲಿ ಬತ್ತಿಹೋಗಿತ್ತು. ಹುಡುಗಿ ಕುಂಟುತ್ತಿದ್ದಳು. ಮುಚ್ಚುಮರೆಯಿಲ್ಲದೆ, ಇಡೀ ಪಡಸಾಲೆ ನೋಡುವಂತೆ ಕುಂಟುತ್ತಿದ್ದಳು. ದಾರಿಯಲ್ಲಿ ಹೋಗುವವರೂ ನಿಂತರು.

ಶೇವಂತಾಳ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಎಡ ಹಿಮ್ಮಡಕ್ಕೆ ಅರ್ಧ ಪದರ, ಇಷ್ಟೇ ಇಷ್ಟು, ಯಾರಿಗೂ ಕಾಣದಂತೆ. ಕೈ ಲೆಕ್ಕ ಹಾಕಿಯೇಬಿಟ್ಟಿತು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದು ಹಿಡಿದಳು.

"ಭಾಳ ಕುಂಟಾಕತ್ತೀನೇನ ಬೇ?" ನಡು ಪಡಸಾಲೆಯಲ್ಲಿ ನಿಂತು ಯಶೋಧರಾ ಕೇಳಿದಳು. ನಾಚಿಕೆಯಿಂದ ಮುಖ ಕೆಂಪಗಾಗಿತ್ತು.

"ಹೌದು!" ಎಂದು ಶೇವಂತಾ ಕೂಗಿದಳು. ಕಣ್ಣೀರಿನ ನಡುವೆ ನಗುತ್ತ, ಆಸ್ಪತ್ರೆಯೆಂಬುದನ್ನೂ ಮರೆತು ಗಂಟಲು ಹರಿದು ಕೂಗಿದಳು. "ಭಾಳ ಕುಂಟಾಕತ್ತಿ! ಕುಂಟ ನನ್ನವ್ವಾ, ಛಂದಂಗ ಕುಂಟ! ಎಲ್ಲಾರೂ ನೋಡ್ಲಿ!"

ಯಶೋಧರಾ ಕುಂಟುತ್ತಲೇ ಬಂದಳು. ಕೊನೆಯ ಹತ್ತು ಹೆಜ್ಜೆ ಓಡಲು ನೋಡಿದಳು.